ಕಂಪ್ಯೂಟರನ್ನು ಸೋಲಿಸಿದವರು

ಓಕಳಿಪುರಂನ ರೈಲ್ವೆ ಸೇತುವೆ ಕೆಳಗೆ ಟ್ರಾಫಿಕ್ ನಿಂತಾಗ ಪಕ್ಕದ ಸ್ಕೂಟರಿನವರ ಹೆಬ್ಬೆರಳು ಗಮನಿಸಿ. ಅದು ಹ್ಯಾಂಡಲ್ ಮೇಲೆ ಸುಮ್ಮನಿರದೆ ಟಕ್, ಟಕಟಕ್ ಅಂತ ಕುಣಿಯುತ್ತಿದ್ದರೆ ಅವರೇ ನಮ್ಮ ಚಾಂಪಿಯನ್ನರು. ವಯಸ್ಸು ನಲವತ್ತರ ಹತ್ತಿರ, ಬೋಳುತಲೆಗೆ ಹೆಲ್ಮೆಟ್ಟಿನ ನೆಪ. ಟೆಕ್ಕೆನ್ ಎಂಬ ಗುದ್ದಾಟದ ವಿಡಿಯೋ ಗೇಮನ್ನು ಅತಿ ಕಷ್ಟದ ಲೆವೆಲ್‌ಗೆ ಇಟ್ಟು ಕಂಪ್ಯೂಟರನ್ನು ಸೋಲಿಸಿದ್ದಾರೆ. ಈ ಸಂಗತಿ ಅವರ ಮನೆಗೆ ಹಾಲು ಹಾಕುವವನಿಗೂ ಗೊತ್ತು.

ಟೆಕ್ಕೆನ್ 3 ಪ್ಲೇಸ್ಟೇಷನ್‌ಗೆ ಬಂದದ್ದು 1998ರಲ್ಲಿ. ಮನೆಯಲ್ಲಿ ಪ್ಲೇಸ್ಟೇಷನ್ ಇಲ್ಲದ ಕಾಲದಲ್ಲಿ ಇಂಥ ಆಟ ಬೇಕೆಂದರೆ ವಿಡಿಯೋ ಗೇಮ್ ಅಂಗಡಿಗೆ ಹೋಗಿ ಕಾಯಿನ್ ಹಾಕಬೇಕಿತ್ತು. ಆಡುತ್ತಿರುವಾಗಲೇ ಯಾವನೋ ಬಂದು ಇನ್ನೊಂದು ಕಾಯಿನ್ ತೂರಿಸಿ ಎದುರಾಳಿಯಾಗಿ ನಿಂತುಬಿಡುತ್ತಿದ್ದ. ಸೋತರೆ ಕಾಸೂ ಹೋಯಿತು, ಏರಿಯಾದಲ್ಲಿ ಮಾನವೂ ಹೋಯಿತು. ಮನೆಗೆ ಪ್ಲೇಸ್ಟೇಷನ್ ಬಂದ ಮೇಲೆ ಚಾಂಪಿಯನ್ನರಿಗೆ ಈ ಕಾಟ ತಪ್ಪಿತು. ಕಂಪ್ಯೂಟರ್ ಮರ್ಯಾದಸ್ಥ. ನಗುವುದಿಲ್ಲ, 'ಬಾ ಮಗಾ, ಇನ್ನೊಂದ್ ಮ್ಯಾಚು' ಅಂತ ಕೆಣಕುವುದಿಲ್ಲ, ಯಾರು ಸೋತರೆಂದು ಶ್ರೀರಾಂಪುರದ ತನಕ ಸಾರುವುದಿಲ್ಲ.

ಹಾಗಂತ ಕಂಪ್ಯೂಟರ್ ದಡ್ಡನಲ್ಲ. ಈ ಆಟ ಓಡುವುದು ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರಗಳ, ಲೆಕ್ಕದಲ್ಲಿ. ಎದುರಾಳಿಯ ಕೈ ಎದ್ದದ್ದನ್ನು ಕಂಡು ನಾವು ಬಟನ್ ಒತ್ತುವಷ್ಟರಲ್ಲಿ ಹದಿನೈದು ಫ್ರೇಮಾದರೂ ಕಳೆದಿರುತ್ತದೆ. ಹತ್ತು ಫ್ರೇಮಿನ ಗುದ್ದು ಆಗಲೇ ಮೂಗಿಗೆ ಬಿದ್ದಿರುತ್ತದೆ. ಕಂಪ್ಯೂಟರಿಗೆ ಕಣ್ಣಿಟ್ಟು ನೋಡುವ ಕೆಲಸವೇ ಇಲ್ಲ. ನಾವು ಒತ್ತಿದ ಬಟನ್ ಅದಕ್ಕೆ ನೇರವಾಗಿ ಗೊತ್ತಾಗುವುದರಿಂದ ಬೇಕಾದರೆ ಒಂದೇಟೂ ತಾಗದಂತೆ ತಡೆದೀತು. ಆದರೆ ಅಂಥ ಆಟವನ್ನು ಕಾಸು ಕೊಟ್ಟು ಯಾರು ಕೊಳ್ಳುತ್ತಾರೆ? ಅದಕ್ಕೇ ಆಟ ಮಾಡಿದವರು ಕಂಪ್ಯೂಟರಿಗೆ ಬೇಕೆಂದೇ ಒಂದಿಷ್ಟು ಮರೆವು ಕಲಿಸಿರುತ್ತಾರೆ. ಚಾಂಪಿಯನ್ನರು ವರ್ಷಗಟ್ಟಲೆ ಕೂತು ಹುಡುಕಿರುವುದು ಆ ಮರೆವನ್ನು. ಎರಡು ಹೆಜ್ಜೆ ಹಿಂದೆ, ಕಾಲಿಗೊಂದು ಒದೆ, ಮತ್ತೆ ಎರಡು ಹೆಜ್ಜೆ ಹಿಂದೆ. ಕಂಪ್ಯೂಟರ್ ಎಷ್ಟು ಸಲ ಬೇಕಾದರೂ ಅದಕ್ಕೇ ಬೀಳುತ್ತದೆ. ಇದನ್ನು ಅವರು 'ಸ್ಟ್ರಾಟಜಿ' ಅನ್ನುತ್ತಾರೆ. ಗರಡಿಮನೆಯ ಹುಡುಗ ಮಲ್ಲಕಂಬವನ್ನು ಸೋಲಿಸಿದೆನೆಂದು ಹಾರ ಹಾಕಿಸಿಕೊಂಡು ಮೆರವಣಿಗೆ ಹೊರಟ ಹಾಗೆ.

ದಸರಾ ರಜೆಗೆ ಚಾಮರಾಜಪೇಟೆಯಿಂದ ಚಾಂಪಿಯನ್ನರ ಅಕ್ಕನ ಮಗ ಬಂದ. ಮೂರನೇ ಕ್ಲಾಸು. "ಮಾಮ, ನಂಗೆ ಇವ್ನು, ತಲೆ ಕೆಳಗೆ ಮಾಡ್ಕೊಂಡು ಒದೀತಾನಲ್ಲ" ಅಂತ ಎಡ್ಡಿಯನ್ನು ಆರಿಸಿಕೊಂಡ. ಟೆಕ್ಕೆನ್ ಆಡಿದ ಮನೆಗಳಿಗೆಲ್ಲ ಎಡ್ಡಿ ಗೊತ್ತು. ಬಟನ್‌ಗಳ ಮೇಲೆ ಅಂಗೈ ಉಜ್ಜಿದರೂ ಅವನು ಬ್ರೆಜಿಲಿನ ಕಪೊಯೆರ ಕುಣಿದುಬಿಡುತ್ತಾನೆ. ಮೊದಲ ಒದೆಗೆ ಹುಡುಗ ಬಿದ್ದ. ಎರಡನೆಯದಕ್ಕೂ ಬಿದ್ದ. ಮೂರನೆಯ ಸಲ ಮಾಮ ಎರಡು ಹೆಜ್ಜೆ ಹಿಂದೆ ಹೋಗುತ್ತಲೇ ಎಗರಿ ಮೈಮೇಲೆ ಬಂದ. ಆಮೇಲೆ ಪರದೆಯ ಮೇಲೆ ಕಂಡದ್ದು ಎಡ್ಡಿಯ ಕಾಲುಗಳು ಮಾತ್ರ.

"ಇದು ಆಟಾನೇ ಅಲ್ಲ" ಅಂದರು ಚಾಂಪಿಯನ್ನರು, ಚಕ್ಕುಲಿ ಹಿಡಿದು ಬಂದ ಅಕ್ಕನಿಗೆ. "ಯಾವ ಬಟನ್ ಒತ್ತುತ್ತಿದೀನಿ ಅಂತ ಅವನಿಗೇ ಗೊತ್ತಿಲ್ಲ. ನಂಗೆ ಹೆಂಗೆ ಗೊತ್ತಾಗಬೇಕು? ಕಂಪ್ಯೂಟರ್ ಆಗಿದ್ರೆ ಆ ಟೈಮಲ್ಲಿ ನಿಂತ್ಕೊಂಡು ಏಟು ತಿನ್ನಬೇಕಿತ್ತು."

"ಅವನಿಗೆ ಗೊತ್ತಿರಲಿಲ್ವೇನೋ, ಪಾಪ" ಅಂದರು ಅಕ್ಕ.

ಒಮ್ಮೆ ನಾನು ಲಾಹೋರಿನ ಟೆಕ್ಕೆನ್ ಆಟಗಾರ ಅರ್ಸಲಾನ್ ಆಶ್ ವಿಷಯ ಎತ್ತಿದೆ. 2019ರಲ್ಲಿ ಜಪಾನಿನ ಇವೊ ಟೂರ್ನಿ, ಅದೇ ವರ್ಷ ಲಾಸ್ ವೇಗಾಸಿನ ಇವೊ ಎರಡನ್ನೂ ಗೆದ್ದು ಬಂದವನು. ತನ್ನ ದೇಶದಲ್ಲಿ ತನ್ನಷ್ಟೇ ಗಟ್ಟಿ ಆಟಗಾರರು ಇನ್ನೂ ಇದ್ದಾರೆ, ಅವರ ಜೊತೆ ಆಡಿಯೇ ಕಲಿತದ್ದು ಎಂದು ಹೇಳಿದ್ದ. ಚಾಂಪಿಯನ್ನರು ನಿಟ್ಟುಸಿರಿಟ್ಟರು. "ಅದೇ ನೋಡಿ ಸಾರ್ ಅದೃಷ್ಟ. ನಮ್ಮ ಓಕಳಿಪುರಂನಲ್ಲಿ ನನ್ನ ಲೆವೆಲ್‌ಗೆ ಯಾರಿದಾರೆ?"

2024ರ ಜನವರಿಯಲ್ಲಿ ಟೆಕ್ಕೆನ್ 8 ಬಂದಾಗ ಆ ಕೊರತೆಯೂ ನೀಗಿತು. ಅದರಲ್ಲಿ ಗೋಸ್ಟ್ ಅಂತ ಒಂದಿದೆ. ನಾವು ಆಡುವುದನ್ನು ನೋಡಿ ಕಲಿತು, ಕಂಪ್ಯೂಟರ್ ನಮ್ಮ ಥರವೇ ಆಡುತ್ತದೆ. ಕಂತಿನಲ್ಲಿ ಹೊಸ ಪ್ಲೇಸ್ಟೇಷನ್ ತಂದು, ತಿಂಗಳಾನುಗಟ್ಟಲೆ ಗೋಸ್ಟಿಗೆ ಪಾಠ ಹೇಳಿ, ಒಂದು ಭಾನುವಾರ ಚಾಂಪಿಯನ್ನರು ತಮ್ಮೆದುರು ತಾವೇ ನಿಂತರು. ನಾನೂ ಹೋಗಿದ್ದೆ. ಇವರು ಎರಡು ಹೆಜ್ಜೆ ಹಿಂದೆ ಹೋದರು. ಅದೂ ಎರಡು ಹೆಜ್ಜೆ ಹಿಂದೆ ಹೋಯಿತು. ಇವರು ಗಾಳಿಗೆ ಒದ್ದರು, ಅದೂ ಒದೆಯಿತು. ಹೀಗೆ ಸರಿದು ಸರಿದು ಇಬ್ಬರೂ ಆಚೀಚೆ ಗೋಡೆಗೆ ಬೆನ್ನು ತಾಗಿಸಿ ನಿಂತರು. ಯಾರಿಗೂ ಒಂದೇಟು ಬೀಳದೆ ಟೈಮ್ ಮುಗಿದು ಡ್ರಾ ಆಯಿತು.

ಚಾಂಪಿಯನ್ನರು ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ನೋಡಿದ್ರಾ ಸಾರ್? ನನ್ನನ್ನ ಸೋಲಿಸೋಕೆ ನನ್ ಕೈಲೂ ಆಗಲಿಲ್ಲ."