ಹೇಗೂ ಮನೇಲೇ ಇರ್ತೀರಲ್ಲ!

ಬೆಂಗಳೂರಿನ ಯಾವ ಬಡಾವಣೆಗಾದರೂ ಹೋಗಿ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಪಂಚೆ ಉಟ್ಟುಕೊಂಡು, ಅಕ್ಕಪಕ್ಕದ ಮನೆಗಳಿಗೆ ಬಂದ ಕೊರಿಯರ್‌ಗೆಲ್ಲ ಸಹಿ ಹಾಕುತ್ತಿರುವವರು ಕಂಡರೆ ಅವರೇ ಸ್ವತಂತ್ರ ಬರಹಗಾರರು. ಎದುರುಮನೆಯವರು ಗ್ಯಾಸ್ ಸಿಲಿಂಡರಿನ ದುಡ್ಡು, ಓಟಿಪಿ ಎರಡನ್ನೂ ಇವರಿಗೊಪ್ಪಿಸಿ ಆಫೀಸಿಗೆ ಹೋಗಿರುತ್ತಾರೆ. "ಹೇಗೂ ಮನೇಲೇ ಇರ್ತೀರಲ್ಲ ಸಾರ್!"

ಇವರ ಪಂಚಾಂಗವೇ ಬೇರೆ. ದೀಪಾವಳಿ ವಿಶೇಷಾಂಕಕ್ಕೆ ಹಣತೆಯ ಮೇಲೆ ಲಲಿತ ಪ್ರಬಂಧ ಹೊಸೆಯುವಾಗ ಹೊರಗೆ ಆಷಾಢದ ಗಾಳಿ. ಯುಗಾದಿ ಸಂಚಿಕೆಗೆ ಮಾವಿನ ಚಿಗುರನ್ನು ಬಣ್ಣಿಸುವಾಗ ಗಾಂಧಿಬಜಾರಿನಲ್ಲಿ ಇನ್ನೂ ಅವರೆಕಾಯಿ ರಾಶಿ. ನಿಜವಾದ ಹಬ್ಬ ಬಂದಾಗ ಉತ್ಸಾಹ ತೀರಿರುತ್ತದೆ, ಸಂಭಾವನೆ ಬಂದಿರುವುದಿಲ್ಲ.

ಬರೆಯುವುದನ್ನು ಯಾರಾದರೂ ಬರೆದಾರು. ಇವರ ಪ್ರತಿಭೆ ಗೊತ್ತಾಗಬೇಕಾದರೆ ವಸೂಲಿಯ ಫೋನು ಕೇಳಬೇಕು. ದುಡ್ಡಿನ ಮಾತು ಮೊದಲೇ ಎತ್ತಿದರೆ ಸರಸ್ವತಿ ಮುನಿದಾಳು. ಹಾಗಾಗಿ, "ಸಾರ್, ಗೌರವ ಪ್ರತಿ ಕೈಸೇರಲಿಲ್ಲ..." ಎಂದು ಶುರು. ಮಳೆ, ಮಂಡಿನೋವು, ಸಂಪಾದಕರ ಮಗಳ ಸಿಇಟಿ ಎಲ್ಲ ಮುಗಿದ ಮೇಲೆ ದನಿ ತಗ್ಗಿಸಿ, "ಮತ್ತೆ... ಆ ಇನ್ನೊಂದು ವಿಷಯ?"

"ಅಯ್ಯೋ, ಇನ್ನೂ ಬಂದಿಲ್ವಾ? ಅಕೌಂಟ್ಸ್‌ನವರನ್ನ ಕೇಳಿಬಿಡಿ."

ಅಕೌಂಟ್ಸ್‌ನವರು: "ಸಂಪಾದಕೀಯದಿಂದ ಪಟ್ಟಿನೇ ಬಂದಿಲ್ಲ ಸಾರ್. ಇರ್ಲಿ, ಪ್ಯಾನ್ ಕಾರ್ಡು, ಒಂದು ಕ್ಯಾನ್ಸಲ್ಡ್ ಚೆಕ್ಕು ಕಳಿಸಿ."

ಇವರ ಚೆಕ್‌ಬುಕ್ಕಿನಲ್ಲಿ ಯಾರಿಗೋ ಬರೆದುಕೊಟ್ಟ ಹಾಳೆ ಒಂದೂ ಇಲ್ಲ. ಖಾಲಿಯಾದದ್ದೆಲ್ಲ ಹೀಗೆ ಅಡ್ಡಗೀಟು ಎಳೆದೇ.

ಲೇಖನವನ್ನು ನುಡಿ ಫಾಂಟಿನಲ್ಲಿ ಕಳಿಸಿದರೆ ಯೂನಿಕೋಡ್ ಬೇಕೆನ್ನುತ್ತಾರೆ, ಯೂನಿಕೋಡ್ ಕಳಿಸಿದರೆ ಪುಟ ಕಟ್ಟುವವರಿಗೆ ನುಡಿಯೇ ಆಗಬೇಕು. ಆಚೀಚೆ ಓಡಾಡುವಷ್ಟರಲ್ಲಿ ಒತ್ತಕ್ಷರಗಳು ದಿಕ್ಕಾಪಾಲು. ಕಾಗುಣಿತ ಬಾರದವರೆಂಬ ಓದುಗರ ಪತ್ರ ಮಾತ್ರ ತಪ್ಪದೆ ಇವರ ಹೆಸರಿಗೇ ಬರುತ್ತದೆ.

ಪುಕ್ಕಟೆ ಬರವಣಿಗೆಗೇನೂ ಬರವಿಲ್ಲ. ಗೃಹಪ್ರವೇಶದ ಕರೆಯೋಲೆ, ಶ್ರದ್ಧಾಂಜಲಿ, ನಿವೃತ್ತರಿಗೆ ಬಿನ್ನವತ್ತಳೆ: "ನಾಲ್ಕು ಸಾಲು ಅಷ್ಟೆ, ನಿಮಗೇನು ಕಷ್ಟ?" ಒಲೆ ಉರಿಸುವುದು ಸೋಪಿನ ಜಾಹೀರಾತಿನ ಅನುವಾದ, ಧಾರಾವಾಹಿಗೆ ಹೆಸರಿಲ್ಲದೆ ಬರೆದ ಸಂಭಾಷಣೆ. ಒಮ್ಮೆ, ಸೈಟು ಮಾರಿ ದೊಡ್ಡವರಾದ ಒಬ್ಬರ ಆತ್ಮಕಥೆ. ಅದರಲ್ಲಿ ತಾಯಿಯನ್ನು ನೆನೆದ ಅಧ್ಯಾಯ ಓದಿ ಲೇಖಕರೇ ಗಳಗಳನೆ ಅತ್ತರಂತೆ. ಅತ್ತು, ಮೊದಲ ಕಂತು ಕೊಟ್ಟರು. ಎರಡನೆಯದು ಇನ್ನೂ ಬರಬೇಕಿದೆ.

ನೌಕರಿಯ ಮಾತೆತ್ತಿದರೆ ಮಾತ್ರ ನಮ್ಮ ಬರಹಗಾರರು ಕೆರಳುತ್ತಾರೆ. "ಗಳಗನಾಥರು ತಮ್ಮ ಪುಸ್ತಕ ತಾವೇ ಹೊತ್ತು ಊರೂರು ತಿರುಗಿ ಮಾರಲಿಲ್ಲವೇ? ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದು ಬರಹದಲ್ಲೇ ಬದುಕಲಿಲ್ಲವೇ?"

ಬ್ಯಾಂಕಿಗೆ ಹೊರಟ ಹೆಂಡತಿ ಡಬ್ಬಿಗೆ ಚಿತ್ರಾನ್ನ ತುಂಬುತ್ತ, "ಮಾಸ್ತಿಯವರು ಎಕ್ಸೈಸ್ ಕಮಿಷನರ್ ಆಗಿದ್ರು. ಬೀಚಿ ಪೊಲೀಸ್ ಇಲಾಖೇಲಿದ್ರು. ಹಾಲಿನವನ ದುಡ್ಡು ಮೇಜಿನ ಮೇಲಿದೆ, ಕೊಟ್ಬಿಡಿ" ಎನ್ನುತ್ತಾರೆ. ಕನ್ನಡ ಸಾಹಿತ್ಯ ಚರಿತ್ರೆಯ ಬಗ್ಗೆ ನಾನು ಕೇಳಿದ ಅತ್ಯುತ್ತಮ ಉಪನ್ಯಾಸ ಇದೇ.

ಬರಹವನ್ನೇ ನಂಬಿ ರಾಜೀನಾಮೆ ಬರೆಯಲು ಕೂತಿರುವ ಓದುಗರಲ್ಲಿ ಒಂದು ವಿನಂತಿ. ಮನೆಯಲ್ಲಿ ಇನ್ನೊಬ್ಬರ ಸಂಬಳ ಎಷ್ಟೆಂದು ಮೊದಲು ಕೇಳಿಕೊಳ್ಳಿ. ಸಾಕಾಗುತ್ತದೆ ಅನ್ನಿಸಿದರೆ ಧೈರ್ಯವಾಗಿ ಬನ್ನಿ. ಚೆಕ್‌ಬುಕ್ ಮಾತ್ರ ದಪ್ಪದ್ದೇ ಇರಲಿ.