ಟ್ರಾಲಿಗೆ ಹಿಂಭಾಗವೇ ಇಲ್ಲವೆಂದು ನಂಬಿರುವ ಮಾಲೀಕ ಮಹಾಶಯರಿಗೆ

ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಳಿ ಹೋಬಳಿಯ ಟ್ರ್ಯಾಕ್ಟರ್ ಮಾಲೀಕರು ಹಾಗೂ ಚಾಲಕರ ಸನ್ನಿಧಾನಕ್ಕೆ, ರಾತ್ರಿ ಹೊತ್ತು ಅವರ ಟ್ರಾಲಿಯ ಹಿಂದೆ ಬೈಕಿನಲ್ಲಿ ಬರುವ ಸಮಸ್ತರ ಪರವಾಗಿ ಸಲ್ಲಿಸುವ ಬಹಿರಂಗ ಪತ್ರ.



ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ ಭತ್ತ ಬೆಳೆಯುತ್ತದೆ, ಭತ್ತ ಬೆಳೆದಲ್ಲೆಲ್ಲ ಟ್ರ್ಯಾಕ್ಟರ್ ಓಡುತ್ತದೆ ಎಂಬುದು ಎಲ್ಲರೂ ಬಲ್ಲ ಸಂಗತಿಯಾದರೂ, ಮಾಲೀಕ ಮಹಾಶಯರು ವಾಹನಶಾಸ್ತ್ರಕ್ಕೆ ಸಲ್ಲಿಸಿರುವ ಅಪೂರ್ವ ಕೊಡುಗೆ ಇನ್ನೂ ವಿದ್ವಾಂಸರ ಗಮನಕ್ಕೆ ಬಂದಂತಿಲ್ಲ. ವಾಹನವೆಂದರೆ ಅದರ ಮುಂಭಾಗ ಮಾತ್ರ ಎಂಬುದೇ ಆ ಸಿದ್ಧಾಂತ. ಇಂಜಿನ್ನಿನ ಮೂತಿಗೆ ಹೂವಿನ ಹಾರ, ಬಾನೆಟ್ಟಿನ ಮೇಲೆ ರೇಡಿಯಂ ಅಕ್ಷರಗಳಲ್ಲಿ ಮನೆದೇವರ ಹೆಸರು, ಅದರ ಪಕ್ಕದಲ್ಲಿ ಅಷ್ಟೇ ದೊಡ್ಡದಾಗಿ ಚಿತ್ರನಟನ ಹೆಸರು, ಮಡ್‌ಗಾರ್ಡುಗಳ ಮೇಲೆ ಊರಿಗೆಲ್ಲ ಕೇಳುವ ಸ್ಪೀಕರುಗಳು, ಮೇಲ್ಛಾವಣಿಗೆ ಮಿನುಗುವ ದೀಪಗಳ ಸಾಲು. ಇಷ್ಟೆಲ್ಲ ವೈಭವದ ಬೆನ್ನಿಗೆ ಕೊಕ್ಕೆಯೊಂದರಲ್ಲಿ ಸಿಕ್ಕಿಕೊಂಡು ಬರುವ ಟ್ರಾಲಿಯ ಹಿಂಬಾಗಿಲಿಗೆ ಮಾತ್ರ ದೀಪವೂ ಇಲ್ಲ, ಅಕ್ಷರವೂ ಇಲ್ಲ. ಗದ್ದೆಯ ಕೆಸರು ಒಣಗಿ ಹಕ್ಕಳೆಯಾಗಿ ಅಂಟಿಕೊಂಡಿರುತ್ತದೆ.

1988ರ ಮೋಟಾರು ವಾಹನ ಕಾಯ್ದೆಯು ಟ್ರ್ಯಾಕ್ಟರನ್ನು, ತಾನೇ ಹೊರೆ ಹೊರುವುದಕ್ಕಾಗಿ ರಚಿತವಾಗಿರದ ವಾಹನವೆಂದು ವ್ಯಾಖ್ಯಾನಿಸುತ್ತದೆ. ಟ್ರೇಲರ್, ಅಂದರೆ ಊರವರ ಬಾಯಲ್ಲಿ ಟ್ರಾಲಿ, ಇನ್ನೊಂದು ವಾಹನವು ಎಳೆದೊಯ್ಯುವ ಪ್ರತ್ಯೇಕ ವಾಹನವಾಗಿದ್ದು ಅದಕ್ಕೆ ಬೇರೆಯೇ ನೋಂದಣಿ ಸಂಖ್ಯೆ ಬೇಕಾಗುತ್ತದೆ. ಮಹಾಶಯರು ಈ ಕಾನೂನಿನ ಮೊದಲ ಅರ್ಧವನ್ನು ಚಾಚೂ ತಪ್ಪದೆ ಪಾಲಿಸಿ, ಟ್ರ್ಯಾಕ್ಟರ್ ಹೊರಬಾರದ ಹೊರೆಯನ್ನೆಲ್ಲ ಟ್ರಾಲಿಯ ಮೇಲೆ ಹೇರುತ್ತಾರೆ. ಈ ಸೀಮೆಯಲ್ಲಿ ಭತ್ತದ ಚೀಲವೆಂದರೆ 75 ಕಿಲೋ. ನೂರು ಚೀಲ ಹೇರಿದರೆ ಏಳೂವರೆ ಟನ್. ಎಳೆಯುವ ಟ್ರ್ಯಾಕ್ಟರಿನ ಸ್ವಂತ ತೂಕ ಸುಮಾರು ಎರಡು ಟನ್. ಮಿತಿಮೀರಿದ ಹೊರೆಗೆ 2019ರ ತಿದ್ದುಪಡಿಯ ನಂತರ ಕಾಯ್ದೆಯ 194ನೇ ಕಲಮು 20,000 ರೂಪಾಯಿ ದಂಡವನ್ನೂ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ವಿಧಿಸುತ್ತದೆ. ಈ ಕಲಮು ಪುಸ್ತಕದಲ್ಲಿ ಸುಖವಾಗಿದೆ.

ಬ್ರೇಕಿನ ವಿಷಯದಲ್ಲಿ ಮಹಾಶಯರ ಪಾಂಡಿತ್ಯವನ್ನು ಸ್ವಲ್ಪ ವಿಸ್ತಾರವಾಗಿಯೇ ಕೊಂಡಾಡಬೇಕು. ಟ್ರ್ಯಾಕ್ಟರ್ ಚಾಲಕನ ಬಲಗಾಲ ಬಳಿ ಒಂದರ ಪಕ್ಕದಲ್ಲೊಂದು ಎರಡು ಬ್ರೇಕ್ ಪೆಡಲುಗಳಿರುತ್ತವೆ. ಒಂದು ಎಡಬದಿಯ ಗಾಲಿಗೆ, ಇನ್ನೊಂದು ಬಲಬದಿಯ ಗಾಲಿಗೆ. ಗದ್ದೆಯ ಮೂಲೆಯಲ್ಲಿ ಒಂದೇ ಗಾಲಿಯನ್ನು ಹಿಡಿದು ಗಕ್ಕನೆ ತಿರುಗುವುದಕ್ಕಾಗಿ ಇವನ್ನು ಬೇರೆ ಬೇರೆ ಮಾಡಿದ್ದು, ರಸ್ತೆಗೆ ಏರುವ ಮೊದಲು ಎರಡನ್ನೂ ಜೋಡಿಸಲು ಒಂದು ಪುಟ್ಟ ಚಿಲಕವನ್ನೂ ಕಂಪನಿಯವರು ಇಟ್ಟಿರುತ್ತಾರೆ. ಹೊಸ ಗಾಡಿಯಲ್ಲಿ ಹೊಳೆಯುವ ಈ ಚಿಲಕ ನಾಲ್ಕು ಸುಗ್ಗಿ ಕಳೆಯುವುದರೊಳಗೆ ತುಕ್ಕು ಹಿಡಿದು ಅಲ್ಲಾಡದಂತಾಗುತ್ತದೆ, ಏಕೆಂದರೆ ಅದನ್ನು ಮುಟ್ಟಿದವರೇ ಇಲ್ಲ. ಆಗ ಕಾರಟಗಿಯ ಕಡೆಗೋ ಗಂಗಾವತಿಯ ಅಕ್ಕಿ ಗಿರಣಿಗೋ ವೇಗವಾಗಿ ಹೋಗುವಾಗ ಕಾಲು ಒಂದೇ ಪೆಡಲಿನ ಮೇಲೆ ಬಿದ್ದರೆ ಒಂದು ಗಾಲಿ ನಿಲ್ಲುತ್ತದೆ, ಇನ್ನೊಂದು ಓಡುತ್ತದೆ, ತನಗೆ ಬ್ರೇಕೇ ಇಲ್ಲದ ಟ್ರಾಲಿಯು ಹಿಂದಿನಿಂದ ನೂಕುತ್ತಾ ಬಂದು, ಮಡಚುವ ಚಾಕುವಿನ ಅಲಗು ಹಿಡಿಯತ್ತ ಬರುವಂತೆ ಟ್ರ್ಯಾಕ್ಟರಿನ ಪಕ್ಕೆಗೆ ತಿರುಗಿಕೊಳ್ಳುತ್ತದೆ. ವೇಗ ಎರಡು ಪಟ್ಟಾದರೆ ತಡೆದು ನಿಲ್ಲಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆಂದು ಭೌತಶಾಸ್ತ್ರ ಹೇಳುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ಗಾಡಿಯನ್ನು ನ್ಯೂಟ್ರಲ್‌ಗೆ ಹಾಕುವವರು ಆ ಶಾಸ್ತ್ರವನ್ನು ಪ್ರಯೋಗದಿಂದಲೇ ಕಲಿಯಲು ನಿರ್ಧರಿಸಿದಂತಿದೆ. ಎರಡು ಟ್ರಾಲಿಗಳನ್ನು ಒಂದರ ಹಿಂದೊಂದು ಕಟ್ಟಿ ಎಳೆಯುವ ಡಬಲ್ ಟ್ರಾಲಿ ಪಂಡಿತರ ಬಗ್ಗೆ ಮೌನವೇ ಲೇಸು.

ಕೊಯ್ಲು ಮುಗಿದ ಮೇಲೆ ಹುಲ್ಲಿನ ಕಾಲ. ಟ್ರಾಲಿಯ ಎರಡೂ ಬದಿಗೆ ರಸ್ತೆಯ ಅರ್ಧದಷ್ಟು ಚಾಚಿಕೊಂಡ ಹುಲ್ಲು ಇದ್ದಬದ್ದ ಕೆಂಪು ದೀಪವನ್ನೂ ಮುಚ್ಚಿಬಿಡುವುದರಿಂದ, ಎದುರಿನ ಲಾರಿಯ ಬೆಳಕಿಗೆ ಕಣ್ಣು ಕುಕ್ಕಿಸಿಕೊಂಡ ಬೈಕ್ ಸವಾರನಿಗೆ ಮುಂದಿರುವುದು ಕತ್ತಲೆಯೋ ಬಣವೆಯೋ ಎಂದು ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ಟೈರು ಪಂಕ್ಚರಾಗಿ ಟ್ರಾಲಿ ನಡುರಸ್ತೆಯಲ್ಲೇ ನಿಂತಾಗ ಮಹಾಶಯರು ಅದರ ಸುತ್ತ ದಪ್ಪ ಕಲ್ಲುಗಳನ್ನಿಟ್ಟು ಲೋಕವನ್ನು ಎಚ್ಚರಿಸುತ್ತಾರೆ, ರಿಪೇರಿಯಾದ ಮೇಲೆ ಕಲ್ಲುಗಳನ್ನು ಅಲ್ಲಿಯೇ ಬಿಟ್ಟು ಹೋಗುತ್ತಾರೆ. ಹೀಗೆ ಟ್ರಾಲಿ ಇಲ್ಲದಿದ್ದರೂ ಅದರ ಅಪಾಯ ಊರಿಗೆ ಉಳಿಯುತ್ತದೆ. ವಾಹನವನ್ನಾಗಲಿ ಟ್ರೇಲರನ್ನಾಗಲಿ ಇತರರಿಗೆ ಅಪಾಯವಾಗುವಂತೆ ನಿಲ್ಲಿಸಕೂಡದೆಂದು ಕಾಯ್ದೆಯ 122ನೇ ಕಲಮು ಟ್ರೇಲರಿನ ಹೆಸರು ಹಿಡಿದೇ ಹೇಳುತ್ತದೆ.

ನಾಟಿಗೆ ಹೋಗುವ ಹೆಣ್ಣಾಳುಗಳು, ಹುಲಿಗೆಮ್ಮನ ದರ್ಶನಕ್ಕೂ ಕನಕಗಿರಿಯ ಜಾತ್ರೆಗೂ ಹೊರಟ ಮಕ್ಕಳು ಮರಿ, ಮದುವೆಯ ದಿಬ್ಬಣ, ಇವರೆಲ್ಲರೂ ಸರಕಿನ ಟ್ರಾಲಿಯಲ್ಲಿ ಹಲಗೆ ಹಿಡಿದು ಕೂತಿರುತ್ತಾರೆ. ಇಲ್ಲಿ ವ್ಯಂಗ್ಯಕ್ಕೆ ಅಷ್ಟಾಗಿ ಬಾಯಿ ಬರುವುದಿಲ್ಲ. ಟ್ರಾಲಿ ಮಗುಚಿದಾಗ ಅಡಿಗೆ ಸಿಕ್ಕುವವರು ಇವರೇ. ವಿಮೆಯ ಪಾಲಿಸಿ ಸಾಮಾನ್ಯವಾಗಿ ಇವರನ್ನು ಪ್ರಯಾಣಿಕರೆಂದೇ ಎಣಿಸುವುದಿಲ್ಲವಾದ್ದರಿಂದ, ಕೂಲಿಗೆ ಹೊರಟವರ ಮನೆಗೆ ಕೊನೆಗೆ ಕೋರ್ಟಿನ ಅಲೆದಾಟವೇ ಗತಿಯಾಗುತ್ತದೆ.

ಇನ್ನು ಪರಿಹಾರದ ಮಾತು. ಕಬ್ಬಿನ ಜಿಲ್ಲೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಬಂದರೆ ಪೊಲೀಸರೇ ರಸ್ತೆಯಲ್ಲಿ ನಿಂತು ಟ್ರಾಲಿಗಳಿಗೆ ರೇಡಿಯಂ ಅಂಟಿಸುವುದುಂಟು. ರೇಡಿಯಂ ಎಂದು ಜನ ಕರೆಯುವ ಈ ಪಟ್ಟಿಯಲ್ಲಿ ರೇಡಿಯಂ ಇಲ್ಲ. ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಹಿಂತಿರುಗಿಸುವ ಗುಣವಷ್ಟೇ ಇದೆ. ಮರಳಿಯ ಮಹಾಶಯರಿಗೆ ಪೊಲೀಸರ ಹಂಗು ಬೇಕಿಲ್ಲ, ಬಾನೆಟ್ಟಿಗೆ ಅಂಟಿಸಿ ಉಳಿದ ಚೂರುಗಳೇ ಸಾಕು. ಮುಂದಿನ ಸುಗ್ಗಿಗೆ ಮೊದಲು ಹಿಂಬಾಗಿಲನ್ನು ತೊಳೆದು ಎರಡೂ ಮೂಲೆಗೆ ಕೆಂಪು ಪಟ್ಟಿ ಹಚ್ಚಬೇಕು, ಬ್ರೇಕಿನ ಚಿಲಕಕ್ಕೆ ಎಣ್ಣೆ ಬಿಡಬೇಕು, ಕೊಕ್ಕೆಯ ಪಿನ್ನಿಗೆ ಒಂದು ಸರಪಳಿಯ ಆಸರೆ ಕೊಡಬೇಕು, ಆಳುಗಳಿಗೆ ಬೇರೆ ಗಾಡಿ ಗೊತ್ತುಮಾಡಬೇಕು ಎಂದು ಹಿಂದೆ ಬರುವವರೆಲ್ಲರ ವಿನಂತಿ.