ಇಡ್ಲಿ-ಸಾಂಬಾರಿನ ಪರವಾಗಿ ಒಂದು ವಕಾಲತ್ತು

ಮಾನ್ಯ ಪ್ರವಾಸೋದ್ಯಮ ಇಲಾಖೆಯವರಿಗೆ,
ಗೋವಾ ಸರ್ಕಾರ, ಪಣಜಿ.

ವಿಷಯ: ಕಡಲತೀರದ ಗುಡಿಸಲು ಹೋಟೆಲುಗಳಾದ ಶ್ಯಾಕ್‌ಗಳಲ್ಲಿ ಸಿಗುವ ಇಡ್ಲಿ-ಸಾಂಬಾರಿನ ಮೇಲೆ ಬಂದಿರುವ ಆಪಾದನೆ ಮತ್ತು ಅದಕ್ಕೆ ಅಂಟಿಕೊಂಡಿರುವ ಮಾತಿನ ಸ್ವಾತಂತ್ರ್ಯದ ಪ್ರಶ್ನೆ.

ಮಾನ್ಯರೇ,

ಕಕ್ಷಿದಾರರಾದ ಇಡ್ಲಿಯವರು ಉಡುಪಿ, ಮೈಸೂರು, ಬೆಂಗಳೂರು ಮುಂತಾದ ಕಡೆ ಕಾಯಂ ವಾಸವುಳ್ಳವರು. ಬೆಳಗಿನ ಆರಕ್ಕೆ ಹಬೆಯಿಂದ ಎದ್ದು ಹತ್ತರೊಳಗೆ ಖಾಲಿಯಾಗುವ ಸಾಧು ಸ್ವಭಾವದವರು. ಈವರೆಗೆ ಯಾವ ಠಾಣೆಯಲ್ಲೂ ಅವರ ಹೆಸರಿಲ್ಲ. ಹೀಗಿರುವಾಗ 2025ರ ಫೆಬ್ರುವರಿಯಲ್ಲಿ ಕಲಂಗುಟ್ ಶಾಸಕ ಮೈಕೆಲ್ ಲೋಬೊ ಅವರು ಗೋವಾಕ್ಕೆ ವಿದೇಶಿಯರು ಬರುವುದು ಕಡಿಮೆಯಾಗಿದೆ ಎಂದು ಮರುಗಿ, ಬೆಂಗಳೂರಿನಿಂದ ಬಂದ ಕೆಲವರು ಶ್ಯಾಕ್‌ಗಳಲ್ಲಿ ವಡಾಪಾವ್ ಮಾರುತ್ತಾರೆ, ಇನ್ನು ಕೆಲವರು ಇಡ್ಲಿ-ಸಾಂಬಾರ್ ಮಾರುತ್ತಾರೆ, ಇದೂ ಒಂದು ಕಾರಣ ಎಂದುಬಿಟ್ಟರು. ಬೆಂಗಳೂರಿನವರ ಮೇಲೆ ವಡಾಪಾವ್ ಮಾರಿದ ಆಪಾದನೆ ಹೇಗೆ ಬಂತೆಂಬುದು ಬೇರೆ ವಿಚಾರ. ಆ ಖಟ್ಲೆಯನ್ನು ಮುಂಬೈಯವರು ನೋಡಿಕೊಳ್ಳಲಿ.

ಶಾಸಕರು ಆಡಿದ್ದನ್ನು ಪೂರ್ತಿ ಹೇಳುವುದು ನ್ಯಾಯ. ರಷ್ಯಾ-ಉಕ್ರೇನ್ ಯುದ್ಧವನ್ನೂ ಅವರು ಹೆಸರಿಸಿದರು. ತಮ್ಮ ಶ್ಯಾಕ್‌ಗಳನ್ನು ಹೊರಗಿನವರಿಗೆ ಒಳಬಾಡಿಗೆಗೆ ಕೊಡುವ ಗೋವಾದವರದೂ ತಪ್ಪಿದೆ ಎಂದರು. ಆದರೆ ಯುದ್ಧವಾಗಲಿ ಒಳಬಾಡಿಗೆಯಾಗಲಿ ಯಾರ ಫೋನಿಗೂ ಹೋಗಲಿಲ್ಲ. ಹೋದದ್ದು ಇಡ್ಲಿ. ಎರಡೇ ದಿನದಲ್ಲಿ ಇಡ್ಲಿ ಪರ, ಇಡ್ಲಿ ವಿರೋಧಿ ಎಂದು ಎರಡು ಬಣವಾಗಿ, ತಿಂಡಿಯಿಂದ ಶುರುವಾದ ಮಾತು ತಾಯಿ-ತಂದೆಯ ಹಂತಕ್ಕೆ ತಲುಪಿತು. ಗೋವಾದ ಕ್ರೈಸ್ತ ಮನೆಗಳಲ್ಲಿ ಹಬ್ಬದ ದಿನ ಸೊರ್ಪೊತೆಲ್ ಎಂಬ ಹಂದಿಮಾಂಸದ ಪದಾರ್ಥದ ಜೊತೆ ಬಡಿಸುವ ಸನ್ನಾ ಎಂಬುವರು ಕಕ್ಷಿದಾರರ ಹತ್ತಿರದ ಸಂಬಂಧಿ. ಅದೇ ಅಕ್ಕಿ, ಅದೇ ಹಬೆ. ಸನ್ನಾದವರು ಹಿಟ್ಟು ಹುಳಿಬರಲು ಸ್ವಲ್ಪ ಶೇಂದಿ ಸೇರಿಸಿಕೊಳ್ಳುತ್ತಾರೆ, ಅಷ್ಟೇ. ಈ ಸಂಬಂಧ ಎರಡೂ ಬಣಕ್ಕೆ ನೆನಪಾಗಲಿಲ್ಲ.

ಕಕ್ಷಿದಾರರಿಗೆ ಶಾಸಕರ ಮೇಲೆ ದೂರಿಲ್ಲ. ತಪ್ಪೋ ಸರಿಯೋ, ಅಂದುಕೊಂಡದ್ದನ್ನು ಹೇಳುವ ಹಕ್ಕು ಅವರದು. ದೂರಿರುವುದು ತಮ್ಮ ಇಲಾಖೆಯ ತಕ್ಕಡಿಯ ಮೇಲೆ. ಶಾಸಕರ ಮಾತಿಗೆ ಮೂರು ತಿಂಗಳ ಹಿಂದೆ, 2024ರ ನವೆಂಬರ್‌ನಲ್ಲಿ, ಒಬ್ಬ ಉದ್ಯಮಿ ಎಕ್ಸ್‌ನಲ್ಲಿ ಅಂಕಿ-ಅಂಶದ ಒಂದು ನಕ್ಷೆ ಹಾಕಿ, ಗೋವಾದ ಪ್ರವಾಸೋದ್ಯಮ ನೆಲಕಚ್ಚಿದೆ, ವಿದೇಶಿಯರು ಆಗಲೇ ಬೆನ್ನುಹಾಕಿದ್ದಾರೆ ಎಂದು ಬರೆದಿದ್ದರು. ಆಗ ಇಲಾಖೆ ಏನು ಮಾಡಿತು? ಅಂಕಿಗಳು ಚೀನಾ ಮೂಲದವು, ನಂಬಲರ್ಹವಲ್ಲ ಎಂದು ಹೇಳಿಕೆ ಕೊಟ್ಟು ಪೊಲೀಸರಿಗೆ ದೂರು ಸಲ್ಲಿಸಿತು. ಹೊರಗಿನವನು ವಿದೇಶಿಯರು ಬರುತ್ತಿಲ್ಲ ಎಂದರೆ ಅದು ಅಪರಾಧ. ಅದನ್ನೇ ಆಳುವ ಪಕ್ಷದ ಶಾಸಕರು ಹೇಳಿದರೆ ಅದು ಕಳಕಳಿ, ಅಪರಾಧಿ ಇಡ್ಲಿ.

ಇಲಾಖೆಯ ಅಂಕಿಗಳನ್ನೇ ತೆಗೆದುನೋಡಿ. 2019ರಲ್ಲಿ ಗೋವಾಕ್ಕೆ ಬಂದ ವಿದೇಶಿಯರು ಸುಮಾರು 9.4 ಲಕ್ಷ. 2023ರಲ್ಲಿ ಸುಮಾರು 4.5 ಲಕ್ಷ. ಅರ್ಧಕ್ಕರ್ಧ ಇಳಿದಿದೆ ಎಂದು ತಿಳಿಯಲು ಚೀನಾಕ್ಕೆ ಹೋಗಬೇಕಿಲ್ಲ, ಪಣಜಿಯ ಕಡತ ಸಾಕು. ಹಾಗೆಂದು ಉದ್ಯಮಿಯ ಮಾತು ಪೂರ್ತಿ ನಿಜವೂ ಅಲ್ಲ. ದೇಶದೊಳಗಿಂದ ಬರುವವರ ಸಂಖ್ಯೆ ಅದೇ ಅವಧಿಯಲ್ಲಿ ಏರಿದೆ. 2024ರಲ್ಲಿ ಒಟ್ಟು ಪ್ರವಾಸಿಗರು ಒಂದು ಕೋಟಿ ದಾಟಿದರು. ಬಾಗಾ ತೀರದಲ್ಲಿ ಶನಿವಾರ ಸಂಜೆ ಕಾಲಿಡಲು ಜಾಗ ಹುಡುಕಿದವರಿಗೆ ನೆಲಕಚ್ಚಿದ ಉದ್ಯಮ ಎಂಬ ಮಾತು ತಮಾಷೆಯಾಗಿಯೇ ಕೇಳುತ್ತದೆ. ಇಳಿಕೆಗೆ ಕಾರಣಗಳೂ ಗೊತ್ತಿರುವಂಥವೇ: ಯುದ್ಧದ ನಂತರ ತೆಳುವಾದ ರಷ್ಯಾದ ಚಾರ್ಟರ್ ವಿಮಾನಗಳು, ಬ್ರಿಟಿಷರಿಗೆ ಇ-ವೀಸಾ 2022ರ ಡಿಸೆಂಬರ್‌ವರೆಗೂ ಬಂದ್ ಆಗಿದ್ದದ್ದು, ಟ್ಯಾಕ್ಸಿ ದರದ ಜಗಳ. ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಆ ನಕ್ಷೆಯ ಕೆಳಗೆ ಅಂಟಿಸಿದ್ದರೆ ವಾದ ಅಲ್ಲಿಗೆ ಮುಗಿಯುತ್ತಿತ್ತು. ದೂರು ಕೊಟ್ಟದ್ದರಿಂದ ಆ ನಕ್ಷೆ ನೋಡದವರೂ ಹುಡುಕಿ ನೋಡಿದರು.

ಇಲಾಖೆಯ ಟೈಮಿಂಗ್ ಕೂಡ ಮೆಚ್ಚಬೇಕಾದದ್ದೇ. ಕೇಂದ್ರ ಸರ್ಕಾರ 2023ರಲ್ಲಿ ಐಟಿ ನಿಯಮಕ್ಕೆ ತಿದ್ದುಪಡಿ ತಂದು, ತನ್ನ ಬಗ್ಗೆ ಜಾಲತಾಣಗಳಲ್ಲಿ ಬರುವ ಮಾತು ಸುಳ್ಳೋ ನಿಜವೋ ಎಂದು ಮುದ್ರೆ ಒತ್ತಲು ತನ್ನದೇ ಒಂದು ಫ್ಯಾಕ್ಟ್‌ಚೆಕ್ ಘಟಕ ಮಾಡಿಕೊಳ್ಳಹೊರಟಿತ್ತು. ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋದವರಲ್ಲಿ ಮೊದಲಿಗರು ಕುನಾಲ್ ಕಾಮ್ರಾ, ಅಂದರೆ ನಗಿಸುವ ಕಸುಬಿನವರು. 2024ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಸೆಪ್ಟೆಂಬರ್ 20ರಂದು ಮೂರನೆಯವರಾದ ನ್ಯಾಯಮೂರ್ತಿ ಎ.ಎಸ್. ಚಂದೂರ್ಕರ್ ಆ ತಿದ್ದುಪಡಿ ಸಂವಿಧಾನಕ್ಕೆ ವಿರುದ್ಧ ಎಂದರು. ಅದೇ ಹೈಕೋರ್ಟಿನ ಪೀಠ ಪಣಜಿಯ ಸೇತುವೆಯಾಚೆ ಪರ್ವರಿಯಲ್ಲಿ ಕೂರುತ್ತದೆ. ತೀರ್ಪು ಬಂದು ಎರಡು ತಿಂಗಳಾಗುವುದರೊಳಗೆ ಸೇತುವೆಯ ಈಚೆಗಿನ ಇಲಾಖೆ ತನ್ನ ಮೇಲಿನ ಮಾತಿಗೆ ತಾನೇ ಸುಳ್ಳಿನ ಮುದ್ರೆ ಒತ್ತಿ ಠಾಣೆಗೆ ಕಳಿಸಿತು.

ಇದೇನೂ ಹೊಸ ಚಟವಲ್ಲ. 2014ರ ಲೋಕಸಭಾ ಚುನಾವಣೆಯ ಹೊತ್ತಿಗೆ ಗೋವಾದ ಒಬ್ಬ ಹಡಗು ಎಂಜಿನಿಯರ್ ಫೇಸ್‌ಬುಕ್‌ನಲ್ಲಿ, ಮೋದಿ ಪ್ರಧಾನಿಯಾದರೆ ಅಲ್ಪಸಂಖ್ಯಾತರ ಗತಿ ಏನು ಎಂದು ತೀರಾ ಕಟುವಾಗಿ ಬರೆದರು. ಭಾರತೀಯ ದಂಡ ಸಂಹಿತೆಯ 153ಎ, 295ಎ, ಐಟಿ ಕಾಯ್ದೆಯ 66ಎ ಎಲ್ಲ ಸಾಲಾಗಿ ಬಿದ್ದವು. ನಿರೀಕ್ಷಣಾ ಜಾಮೀನೂ ಸಿಗಲಿಲ್ಲ. ಅವರು ಬಳಸಿದ ಪದಕ್ಕೆ ಕ್ಷಮೆ ಕೇಳಿದರು, ವಾದವನ್ನು ಬಿಡಲಿಲ್ಲ. ಆಗ ಗೋವಾದಲ್ಲಿದ್ದದ್ದು ಬಿಜೆಪಿ ಸರ್ಕಾರ. ಓಹೋ, ಆ ಪಕ್ಷದವರೇ ಹೀಗೆ ಎಂದು ಯಾರಾದರೂ ಷರಾ ಬರೆಯುವ ಮೊದಲು ಇನ್ನೊಂದು ಮಾತು: ಅದೇ ವರ್ಷದ ಮೇ ತಿಂಗಳಲ್ಲಿ, ಮೋದಿಯವರ ಬಗ್ಗೆ ಒಂದು ವಾಟ್ಸ್ಯಾಪ್ ಸಂದೇಶ ಹಂಚಿದ್ದಕ್ಕೆ ಭಟ್ಕಳ ಮೂಲದ ವಿದ್ಯಾರ್ಥಿಯೊಬ್ಬನನ್ನು ಬೆಂಗಳೂರಿನಲ್ಲಿ ಪೊಲೀಸರು ಹಿಡಿದರು. ಆಗ ಬೆಂಗಳೂರಿನಲ್ಲಿದ್ದದ್ದು ಕಾಂಗ್ರೆಸ್ ಸರ್ಕಾರ. ಎಫ್‌ಐಆರ್‌ಗೆ ಪಕ್ಷವಿಲ್ಲ, ಬರೀ ಕಲಂಗಳಿವೆ. ಹತ್ತು ತಿಂಗಳ ನಂತರ, 2015ರ ಮಾರ್ಚ್ 24ರಂದು, ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 66ಎ ಕಲಮನ್ನೇ ರದ್ದು ಮಾಡಿತು. ಕಲಂ ಹೋಯಿತು, ದೂರು ಬರೆಯುವವರ ಪೆನ್ನು ಹೋಗಲಿಲ್ಲ.

ತಾವು ಜಾಹೀರಾತಿನಲ್ಲಿ ಸೂರ್ಯ, ಮರಳು, ಸಮುದ್ರ ಎಂದು ಹಾಕುತ್ತೀರಿ. ಕಕ್ಷಿದಾರರ ಸಲಹೆ, ಅದಕ್ಕೆ ಮಡಗಾಂವ್‌ನ ಲೋಹಿಯಾ ಮೈದಾನವನ್ನೂ ಸೇರಿಸಿ. 1946ರ ಜೂನ್ 18ರಂದು, ಮಳೆಯಲ್ಲಿ, ಅನುಮತಿಯಿಲ್ಲದೆ ಸಭೆ ಸೇರುವುದೇ ಅಪರಾಧವಾಗಿದ್ದ ಊರಿನಲ್ಲಿ ರಾಮಮನೋಹರ ಲೋಹಿಯಾ ಮಾತಾಡಲು ನಿಂತರು. ಅಸೊಳ್ಣೆಯ ಗೆಳೆಯ ಡಾ. ಜೂಲಿಯಾಂವ್ ಮಿನೇಜಿಸ್ ಮನೆಗೆ ಆರೋಗ್ಯ ಸುಧಾರಿಸಿಕೊಳ್ಳಲು ಬಂದವರು ಅವರು. ಪಿಸ್ತೂಲು ಹಿಡಿದು ಅಡ್ಡ ಬಂದ ಪೋರ್ಚುಗೀಸ್ ಅಧಿಕಾರಿಯ ಕೈಯನ್ನು ಪಕ್ಕಕ್ಕೆ ಸರಿಸಿದರು. ಆ ದಿನ ಕೇಳಿದ್ದು ಮೊದಲು ನಾಗರಿಕ ಸ್ವಾತಂತ್ರ್ಯ: ಮಾತಾಡುವ, ಬರೆಯುವ, ಸಭೆ ಸೇರುವ ಹಕ್ಕು. ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಜಾರನ ಕಾಲದಲ್ಲಿ ಮದುವೆಯ ಕರೆಯೋಲೆಗೂ ಸೆನ್ಸಾರಿನ ಒಪ್ಪಿಗೆ ಬೇಕಿತ್ತೆಂದು ಗೋವಾದ ಹಳಬರು ಹೇಳುತ್ತಾರೆ. ಪ್ರತಿ ಜೂನ್ 18ಕ್ಕೆ ಗೋವಾ ಸರ್ಕಾರ ಕ್ರಾಂತಿ ದಿನ ಆಚರಿಸುತ್ತದೆ, ಹಾರ ಹಾಕುತ್ತದೆ. ಭಾರತಕ್ಕೆ ಮೊದಲ ಮುದ್ರಣಯಂತ್ರ ಬಂದದ್ದೂ ಗೋವಾಕ್ಕೇ, 1556ರಲ್ಲಿ; ಅಲ್ಲಿ ಮೊದಲ ಪತ್ರಿಕೆ ಹೊರಡಲು 1821 ಬರಬೇಕಾಯಿತು. ಯಂತ್ರ ಬೇಗ ಬರುತ್ತದೆ, ಸಹನೆ ನಿಧಾನ.

ಇನ್ನು ಕಕ್ಷಿದಾರರ ಕಡೆಯವರ ವಿಚಾರ. ವಕಾಲತ್ತು ಹಾಕಿದ ಮಾತ್ರಕ್ಕೆ ಸ್ವಂತ ಮನೆಯ ಕಸ ಮುಚ್ಚಿಡಲಾಗದು.

2018ರ ಜನವರಿಯಲ್ಲಿ, ಮಹದಾಯಿ ನೀರಿನ ಜಗಳದ ನಡುವೆ, ಗೋವಾದ ಜಲಸಂಪನ್ಮೂಲ ಸಚಿವರಾಗಿದ್ದ ವಿನೋದ್ ಪಾಲ್ಯೇಕರ್ ಅವರು ಕಣಕುಂಬಿಯ ಕಳಸಾ ಕಾಲುವೆ ನೋಡಿಬಂದು, ಕನ್ನಡಿಗರನ್ನು ಹರಾಮಿಗಳು ಎಂದರು. ಗಲಾಟೆಯಾದ ಮೇಲೆ ಮಾತು ಹಿಂಪಡೆದರು, ಕುರ್ಚಿಗೇನೂ ಆಗಲಿಲ್ಲ. ಇತ್ತ ಕನ್ನಡದ ಕೀಬೋರ್ಡ್ ವೀರರು ಗೋವಾದವರನ್ನು ಕುಡುಕರೆಂದರು, ಪರಂಗಿಗಳ ಸಂತಾನವೆಂದರು, ಬೆಳಗಾವಿಯಿಂದ ತರಕಾರಿ ಲಾರಿ ಬಿಡಬೇಡಿ ಎಂದರು. ಅದೇ ವರ್ಷದ ಆಗಸ್ಟ್ 14ರಂದು ಮಹದಾಯಿ ನ್ಯಾಯಮಂಡಳಿ ಗೋವಾಕ್ಕೆ 24, ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಹಂಚಿತು. ಕರ್ನಾಟಕದ ಪಾಲಿನಲ್ಲಿ 8.02 ವಿದ್ಯುತ್ತಿಗೆ, ಮಲಪ್ರಭೆಗೆ ತಿರುಗಿಸಬಹುದಾದದ್ದು 3.9. ಎರಡೂ ದಂಡೆಯ ವೀರರಲ್ಲಿ ಈ ಲೆಕ್ಕ ಬಲ್ಲವರು ಅಪರೂಪ. ಬೈಗುಳಕ್ಕೆ ಟಿಎಂಸಿ ಬೇಕಿಲ್ಲ.

ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಗೋವಾವನ್ನು ಬೈದವನಿಗೆ ಏನೂ ಆಗುವುದಿಲ್ಲ. ಮಾರನೆಯ ದಿನ ವಾಸ್ಕೊದ ಬೈನಾದಲ್ಲೋ ಝುವಾರಿನಗರದಲ್ಲೋ ಗಾರೆ ಕೆಲಸಕ್ಕೆ ಹೊರಟ ವಿಜಯಪುರ, ಬಾಗಲಕೋಟೆಯ ಮನುಷ್ಯ ಘಾಟಿ, ಅಂದರೆ ಘಟ್ಟದಾಚೆಯವನು, ಎಂದು ಬೈಸಿಕೊಳ್ಳುತ್ತಾನೆ. ಅವನ ಫೋನಿನಲ್ಲಿ ಇರುವುದು ಮೇಸ್ತ್ರಿಯ ನಂಬರು, ಊರಿನ ದೇವರ ಫೋಟೊ. ಜಗಳದ ಯಾವ ಗುಂಪಿನಲ್ಲೂ ಅವನಿಲ್ಲ.

ಇಂಥ ಬೈಗುಳವನ್ನು ತಡೆಯುವ ಹೊಣೆ ಜಾಲತಾಣ ಕಂಪನಿಗಳದ್ದಲ್ಲವೇ ಎಂದು ತಾವು ಕೇಳಬಹುದು. ಅವರದ್ದೇ. ಆದರೆ ಕೊಂಕಣಿಯನ್ನು ದೇವನಾಗರಿ, ರೋಮನ್, ಕನ್ನಡ, ಮಲಯಾಳಂ, ಪರ್ಸೋ-ಅರೇಬಿಕ್ ಎಂದು ಐದು ಲಿಪಿಗಳಲ್ಲಿ ಬರೆಯುತ್ತಾರೆ. ಬೈಯುವಾಗ ಅದಕ್ಕೆ ಹಿಂದಿ, ಮರಾಠಿ, ಕನ್ನಡ ಬೆರೆಯುತ್ತವೆ. ಹಿಂದಿ, ಬಂಗಾಳಿಯಂಥ ಕೋಟಿಗಟ್ಟಲೆ ಜನರ ಭಾಷೆಗಳಲ್ಲೇ ದ್ವೇಷದ ಮಾತು ಹಿಡಿಯುವ ವ್ಯವಸ್ಥೆ ಸಾಲದೆಂದು ಫೇಸ್‌ಬುಕ್ಕಿನ ಒಳಗಿನಿಂದಲೇ ಫ್ರಾನ್ಸಿಸ್ ಹಾಗನ್ 2021ರಲ್ಲಿ ಬಯಲು ಮಾಡಿದ್ದರು. ಕೊಂಕಣಿಯ ಪಾಡು ಊಹಿಸಿಕೊಳ್ಳಬಹುದು. ಯಂತ್ರದ ಜರಡಿಯಲ್ಲಿ ಬೈಗುಳ ಸೋರಿಹೋಗುತ್ತದೆ, ಅಂಕಿ-ಅಂಶದ ನಕ್ಷೆ ಸಿಕ್ಕಿಬೀಳುತ್ತದೆ.

ಠಾಣೆಯೂ ಕಂಪನಿಯೂ ಬೇಡವೆಂದು ನೇರ ಮನೆಗೇ ಬರುವವರಿದ್ದಾರೆ. ಉದಯ ಭೆಂಬ್ರೆ ಅವರನ್ನು ಇಲಾಖೆ ಬಲ್ಲದು. 1967ರ ಜನವರಿ 16ರ ಜನಮತಗಣನೆಗೆ ಮುಂಚೆ, ಗೋವಾ ಮಹಾರಾಷ್ಟ್ರಕ್ಕೆ ಸೇರಬಾರದೆಂದು ‘ರಾಷ್ಟ್ರಮತ’ ಪತ್ರಿಕೆಯಲ್ಲಿ ‘ಬ್ರಹ್ಮಾಸ್ತ್ರ’ ಅಂಕಣ ಬರೆದವರು. ಎದುರಿನ ಪತ್ರಿಕೆಗಳು ಅಷ್ಟೇ ಖಾರವಾಗಿ ಉತ್ತರಿಸಿದವು. ಜನ ಮತ ಹಾಕಿ ತೀರ್ಮಾನಿಸಿದರು. ಅದೇ ಭೆಂಬ್ರೆ ಎಂಬತ್ತೈದರ ವಯಸ್ಸಿನಲ್ಲಿ, 2025ರಲ್ಲಿ, ಶಿವಾಜಿ ಮತ್ತು ಗೋವಾ ಚರಿತ್ರೆಯ ಬಗ್ಗೆ ಮುಖ್ಯಮಂತ್ರಿ ಪ್ರಮೋದ್ ಸಾವಂತ್ ಆಡಿದ ಮಾತನ್ನು ಪ್ರಶ್ನಿಸಿ ಯೂಟ್ಯೂಬ್‌ನಲ್ಲಿ ಒಂದು ವಿಡಿಯೊ ಹಾಕಿದರು. ಬಜರಂಗದಳದವರು ಮಡಗಾಂವ್‌ನ ಅವರ ಮನೆಗೇ ಹೋಗಿ ಜೋರು ಮಾಡಿದರು. ಇಂಥ ಭೇಟಿಗಳು ಎಲ್ಲಿಗೆ ಮುಟ್ಟಬಲ್ಲವೆಂದು ಕರ್ನಾಟಕದವರಿಗೆ ಯಾರೂ ಹೇಳಿಕೊಡಬೇಕಿಲ್ಲ: 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್, ಇಬ್ಬರೂ ಮನೆಬಾಗಿಲಲ್ಲೇ. ಗೌರಿ ಹತ್ಯೆಯ ತನಿಖೆಯಿಂದ ಸಿಕ್ಕ ಮಾಹಿತಿಯ ಮೇಲೆ 2018ರ ಜುಲೈನಲ್ಲಿ ಮಜೋರ್ಡಾದ ಕೊಂಕಣಿ ಕತೆಗಾರ ದಾಮೋದರ ಮಾವಜೊ ಅವರಿಗೆ ಪೊಲೀಸ್ ಕಾವಲು ಹಾಕಬೇಕಾಯಿತು. ಮುಂದೆ ಅವರಿಗೆ ಜ್ಞಾನಪೀಠ ಬಂತು. ಇಲ್ಲಿ ವಿಡಂಬನೆಗೆ ಜಾಗವಿಲ್ಲ. ಕಕ್ಷಿದಾರರು ಒಂದು ನಿಮಿಷ ಸುಮ್ಮನಿದ್ದು ಮುಂದಿನ ಪ್ಯಾರಾಕ್ಕೆ ಹೋಗುತ್ತಾರೆ.

ಆದುದರಿಂದ ಪ್ರಾರ್ಥನೆ. ನಕ್ಷೆ ಹಾಕಿದವರಿಗೆ ನಕ್ಷೆಯಲ್ಲೇ ಉತ್ತರಿಸಬೇಕು. ಪೊಲೀಸರನ್ನು ಅಂಕಿ-ಅಂಶ ವಿಭಾಗದ ಶಾಖೆಯೆಂದು ತಿಳಿಯುವುದನ್ನು ಬಿಟ್ಟು, ಮನೆಗೆ ನುಗ್ಗುವವರ ಕಡೆ ಕಳಿಸಬೇಕು. ಪ್ರತಿ ತಿಂಗಳ ಪ್ರವಾಸಿಗರ ಲೆಕ್ಕವನ್ನು, ಏರಿದಾಗಲೂ ಇಳಿದಾಗಲೂ, ಕೇಳುವ ಮೊದಲೇ ಪ್ರಕಟಿಸಬೇಕು. ಶ್ಯಾಕ್ ನೀತಿಯಲ್ಲಿ ಒಳಬಾಡಿಗೆಗೆ ನಿಷೇಧವಿದೆಯಲ್ಲ, ಅದನ್ನು ಜಾರಿ ಮಾಡಿ, ಮೆನು ಕಾರ್ಡನ್ನು ಅಡುಗೆಯವರಿಗೆ ಬಿಡಬೇಕು.

ಈ ಪತ್ರದ ಒಂದು ಪ್ರತಿ ಬೆಂಗಳೂರಿನ ವಿಧಾನಸೌಧಕ್ಕೂ ಹೋಗಿದೆ. ಅಲ್ಲಿ 2025ರ ಜೂನ್‌ನಲ್ಲಿ ಸುದ್ದಿಯಾದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡಿನಲ್ಲಿ ಏಳು ವರ್ಷದವರೆಗೆ ಸೆರೆ, 10 ಲಕ್ಷದವರೆಗೆ ದಂಡ ಇತ್ತು. ಸ್ತ್ರೀವಾದ ವಿರೋಧಿ ಬರಹಕ್ಕೂ ಸನಾತನ ಸಂಕೇತಗಳ ಅಗೌರವಕ್ಕೂ ಒಂದೇ ಉಸಿರಿನಲ್ಲಿ ನಿಷೇಧ ಇತ್ತು. ಎರಡು ಬಣಗಳನ್ನೂ ಒಟ್ಟಿಗೆ ಸುಮ್ಮನಾಗಿಸುವ ಇಂಥ ಜಾಣತನ ಪಣಜಿಗೂ ಹೊಳೆದಿರಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 24ರಂದು, ಕೇಂದ್ರದ ‘ಸಹಯೋಗ್’ ಪೋರ್ಟಲ್ ಮೂಲಕ ಪೋಸ್ಟ್ ತೆಗೆಸುವುದನ್ನು ಪ್ರಶ್ನಿಸಿದ ಎಕ್ಸ್ ಕಂಪನಿಯ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ ವಜಾ ಮಾಡಿತು. ಹೀಗಾಗಿ ಮುಂದೆ ಯಾವ ಪೋಸ್ಟು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದನ್ನು ನೋಡಿಕೊಂಡು, ಚಟ್ನಿಯ ಮೇಲೇನಾದರೂ ಆಪಾದನೆ ಬಂದಲ್ಲಿ ಪ್ರತ್ಯೇಕ ವಕಾಲತ್ತು ಸಲ್ಲಿಸಲಾಗುವುದು.

ಇಂತಿ,
ಇಡ್ಲಿ-ಸಾಂಬಾರಿನ ಪರವಾಗಿ